ತಲೆಗೊಂದು ಚದರ ಮೀಟರ್ ಬಿಸಿಲು

ಒಳಚರಂಡಿ ಇರುವ ಊರಿನಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಕೊಡಬೇಕು. ಇದು ಕೇಂದ್ರ ಸರ್ಕಾರದ ಕೈಪಿಡಿ ಹಾಕಿಕೊಟ್ಟ ಅಳತೆ. ಇದರಲ್ಲಿ ನೂರಕ್ಕೆ ಎಂಬತ್ತರಷ್ಟು, ಅಂದರೆ 108 ಲೀಟರ್, ಸ್ನಾನ, ಬಟ್ಟೆ, ಪಾತ್ರೆ, ಕಕ್ಕಸು ಎಲ್ಲ ಮುಗಿಸಿಕೊಂಡು ಅದೇ ದಿನ ಮನೆಯಿಂದಾಚೆ ಹೋಗುತ್ತದೆ. ಬಚ್ಚಲ ಮೋರಿ ದಾಟಿದ ಮೇಲೆ ಆ ನೀರು ಯಾರ ಲೆಕ್ಕಕ್ಕೂ ಇರುವುದಿಲ್ಲ. ಲೆಕ್ಕಕ್ಕೆ ತೆಗೆದುಕೊಂಡರೆ ಮಾತ್ರ ಅದು ನಮ್ಮನ್ನು ಬೆರಗುಗೊಳಿಸುತ್ತದೆ.

ನಮ್ಮ ಕೊಪ್ಪಳ ಜಿಲ್ಲೆಯ ನಾಲ್ಕು ಊರು ತೆಗೆದುಕೊಳ್ಳೋಣ. 2011ರ ಜನಗಣತಿಯಲ್ಲಿ ಗಂಗಾವತಿ ಲಕ್ಷ ದಾಟಿತ್ತು, ಕೊಪ್ಪಳ ಎಪ್ಪತ್ತು ಸಾವಿರದ ಆಸುಪಾಸಿನಲ್ಲಿತ್ತು, ಕುಷ್ಟಗಿ ಇಪ್ಪತ್ತೈದು ಸಾವಿರದ ಹತ್ತಿರವಿತ್ತು, ಯಲಬುರ್ಗಾ ಅದಕ್ಕಿಂತ ಚಿಕ್ಕದು. ನಾಲ್ಕೂ ಸೇರಿ ಎರಡು ಲಕ್ಷಕ್ಕೂ ಮೇಲೆ. ಆಮೇಲೆ ಊರುಗಳು ಬೆಳೆದಿವೆ. ಆದರೂ ಲೆಕ್ಕ ಹಿಡಿತದಲ್ಲಿರಲೆಂದು ಎರಡೇ ಲಕ್ಷ ಎಂದಿಟ್ಟುಕೊಳ್ಳೋಣ. ಮಾನದಂಡದಂತೆ ನೀರು ಕೊಟ್ಟರೆ ದಿನಕ್ಕೆ ಹೊರಬೀಳುವ ಕೊಳಚೆ ನೀರು 2 ಕೋಟಿ 16 ಲಕ್ಷ ಲೀಟರ್. ಎಂಜಿನಿಯರುಗಳ ಮಾತಿನಲ್ಲಿ 21.6 ಎಂಎಲ್‌ಡಿ, ಅಂದರೆ ದಿನಕ್ಕೆ 21.6 ದಶಲಕ್ಷ ಲೀಟರ್.

ಬೇಸಿಗೆಯಲ್ಲಿ ಓಣಿಗೆ ಬರುವ 12 ಸಾವಿರ ಲೀಟರಿನ ಟ್ಯಾಂಕರ್ ಲಾರಿ ಗೊತ್ತಿದೆಯಲ್ಲ, ಈ ನೀರನ್ನು ಹೊರಲು ಅಂಥವು 1,800 ಬೇಕು. ಲಾರಿಗೆ ಹತ್ತು ಮೀಟರ್ ಜಾಗ ಎಂದು ಒಂದರ ಹಿಂದೊಂದು ನಿಲ್ಲಿಸಿದರೆ ಸಾಲು 18 ಕಿಲೋಮೀಟರ್ ಆಗುತ್ತದೆ. ಕೊಪ್ಪಳದಿಂದ ಹೊಸಪೇಟೆ ರಸ್ತೆ ಹಿಡಿದರೆ ಆ ಸಾಲು ಗಿಣಿಗೇರಿ ದಾಟಿ ಮುಂದಕ್ಕೆ ಹೋಗಿರುತ್ತದೆ. ಇದು ಒಂದು ದಿನದ್ದು. ಮರುದಿನ ಮತ್ತೊಂದು ಸಾಲು. ವರ್ಷಕ್ಕೆ 788 ಕೋಟಿ ಲೀಟರ್.

ಈ ಭಾಗದ ಜನ ನೀರನ್ನು ಲೀಟರಿನಲ್ಲಿ ಅಳೆಯುವುದಿಲ್ಲ, ಟಿಎಂಸಿಯಲ್ಲಿ ಅಳೆಯುತ್ತಾರೆ. ಮುಂಗಾರು ಬಂತೆಂದರೆ ಚಹಾದಂಗಡಿಯಲ್ಲೂ ಡ್ಯಾಮಿಗೆ ಎಷ್ಟು ಬಂತು ಎಂಬುದೇ ಮಾತು. ಒಂದು ಟಿಎಂಸಿ ಎಂದರೆ ಸುಮಾರು 2,832 ಕೋಟಿ ಲೀಟರ್. ನಾಲ್ಕು ಊರಿನ ಒಂದು ವರ್ಷದ ಕೊಳಚೆ ಕಾಲು ಟಿಎಂಸಿಗಿಂತ ತುಸು ಹೆಚ್ಚು. ಮುನಿರಾಬಾದಿನ ಪಕ್ಕದಲ್ಲಿರುವ ತುಂಗಭದ್ರಾ ಜಲಾಶಯಕ್ಕೆ ಈಗಿನ ಲೆಕ್ಕದಲ್ಲಿ 105.788 ಟಿಎಂಸಿ ಹಿಡಿಯುತ್ತದೆ. ನಮ್ಮ ನಾಲ್ಕು ಊರುಗಳೇ ಅದನ್ನು ತುಂಬಿಸಬೇಕೆಂದರೆ ಮುನ್ನೂರೆಂಬತ್ತು ವರ್ಷ ಹಿಡಿಯುತ್ತದೆ. ಹಾಗೆ ನೋಡಿದರೆ ಅಲ್ಪವೇ.

ಈಗ ದೇಶದ ಲೆಕ್ಕಕ್ಕೆ ಬನ್ನಿ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2021ರಲ್ಲಿ ಹೊರತಂದ ವರದಿಯ ಪ್ರಕಾರ ಭಾರತದ ಪಟ್ಟಣಗಳಿಂದ 72,368 ಎಂಎಲ್‌ಡಿ ಕೊಳಚೆ ನೀರು ಹೊರಡುತ್ತದೆ. ಟಿಎಂಸಿಗೆ ಇಳಿಸಿದರೆ ದಿನಕ್ಕೆ ಎರಡೂವರೆ. ಬರೀ ಕೊಳಚೆಯಿಂದ ತುಂಗಭದ್ರಾ ಜಲಾಶಯ ತುಂಬಲು 41 ದಿನ ಸಾಕು. ವರ್ಷಕ್ಕೆ ಎಂಟು ಸಲ ತುಂಬಿ ಒಂಬತ್ತನೆಯದು ಮುಗಿಯುವ ಹಂತಕ್ಕೆ ಬರುತ್ತದೆ. ಇದರಲ್ಲಿ ನಿಜವಾಗಿ ಶುದ್ಧೀಕರಣವಾಗುತ್ತಿದ್ದದ್ದು 20,236 ಎಂಎಲ್‌ಡಿ, ನೂರು ಲೀಟರಿಗೆ 28 ಲೀಟರ್.

ಕರ್ನಾಟಕದ್ದು ಅದೇ ವರದಿಯಲ್ಲಿ ಹೀಗಿದೆ: ಹುಟ್ಟುವ ಕೊಳಚೆ 4,458 ಎಂಎಲ್‌ಡಿ, ಶುದ್ಧೀಕರಣವಾಗುತ್ತಿದ್ದದ್ದು 1,786. ಉಳಿದ 2,672 ಎಂಎಲ್‌ಡಿಯನ್ನು ವರ್ಷಕ್ಕೆ ಕೂಡಿಸಿದರೆ 34 ಟಿಎಂಸಿ ದಾಟುತ್ತದೆ. ತುಂಗಭದ್ರಾ ಜಲಾಶಯ ಕಟ್ಟಿದಾಗ ಸುಮಾರು 132 ಟಿಎಂಸಿ ಹಿಡಿಯುತ್ತಿತ್ತು. ಎಪ್ಪತ್ತು ವರ್ಷದಲ್ಲಿ ಹೂಳು ತುಂಬಿ ಕಳೆದುಕೊಂಡದ್ದು 27 ಟಿಎಂಸಿಯಷ್ಟು. ಆ ನಷ್ಟ ತುಂಬಿಕೊಳ್ಳಲೆಂದೇ ನಮ್ಮ ಜಿಲ್ಲೆಯ ನವಲಿಯಲ್ಲಿ ಸಮತೋಲನ ಜಲಾಶಯ ಕಟ್ಟಬೇಕೆಂಬ ಪ್ರಸ್ತಾಪ ವರ್ಷಗಳಿಂದ ಮೂರು ರಾಜ್ಯಗಳ ನಡುವೆ ಚರ್ಚೆಯಲ್ಲಿದೆ. ಹೂಳಿಗೆ ಹೋದ ನೀರಿನ ಬಗ್ಗೆ ಇಷ್ಟು ಹೋರಾಟ ನಡೆದಿದೆ. ಅದಕ್ಕಿಂತ ಹೆಚ್ಚಿನ ನೀರನ್ನು ರಾಜ್ಯ ಪ್ರತಿವರ್ಷ ಹೊಲಸು ಮಾಡಿ ಹಳ್ಳಕ್ಕೆ ಬಿಡುತ್ತಿದೆ. ಆ ಕೊಳಚೆ ರಾಜ್ಯದ ಉದ್ದಗಲಕ್ಕೆ ಹಂಚಿಹೋಗಿದೆ, ಅದನ್ನೆಲ್ಲ ಹೊತ್ತು ತಂದು ತುಂಗಭದ್ರೆಗೆ ಸುರಿಯಲಾಗದು ಎಂಬುದು ನಿಜ. ಆದರೆ ನೀರಿಲ್ಲ ಎಂದು ಗೋಳಾಡುವವರು ಈ ಅಂಕಿಯನ್ನು ಬಾಯಿಪಾಠ ಮಾಡಿಕೊಳ್ಳಬೇಕು.

ಇಷ್ಟೊಂದು ಹೊಲಸನ್ನು ಚೊಕ್ಕ ಮಾಡುವುದು ಸಾಧ್ಯವೇ? ಇಲ್ಲಿಂದ ಮುಂದೆ ಬೆರಗು ಬೇರೆ ದಿಕ್ಕಿಗೆ ತಿರುಗುತ್ತದೆ.

ಕೊಳಚೆ ನೀರಿನಲ್ಲಿ ಶೇಕಡಾ 99.9ರಷ್ಟು ಬರೀ ನೀರೇ. ಹೊಲಸು ಎಂದು ನಾವು ಮೂಗು ಮುಚ್ಚಿಕೊಳ್ಳುವುದು ಸಾವಿರಕ್ಕೆ ಒಂದು ಪಾಲು. ಹತ್ತು ಲೀಟರಿನ ಬಕೆಟ್ಟಿನಲ್ಲಿ ಎರಡು ಚಹಾ ಚಮಚೆಯಷ್ಟು. ಆ ಎರಡು ಚಮಚೆಯನ್ನು ಹೊರತೆಗೆದುಬಿಟ್ಟರೆ ಬಕೆಟ್ ಮತ್ತೆ ನೀರಾಗುತ್ತದೆ. ಶುದ್ಧೀಕರಣ ಘಟಕ ಎಂದು ಊರಾಚೆ ಕಟ್ಟುವ ಗುಂಡಿ, ಗೋಡೆ, ಪಂಪುಗಳ ಕೆಲಸವೆಲ್ಲ ಇದೇ.

ಆ ಸಾವಿರದ ಒಂದು ಪಾಲಿಗೆ ಮಾತ್ರ ದೊಡ್ಡ ಹಸಿವು. ನೀರಿಗೆ ಬಿದ್ದ ಮಲ, ಎಣ್ಣೆ, ಅನ್ನದ ಅಗುಳು, ಸಾಬೂನು ಕೊಳೆಯುವಾಗ ಸೂಕ್ಷ್ಮಜೀವಿಗಳು ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಎಳೆದುಕೊಳ್ಳುತ್ತವೆ. ಎಷ್ಟು ಎಳೆದುಕೊಳ್ಳುತ್ತವೆ ಎಂಬ ಅಳತೆಗೆ ಬಿಒಡಿ ಎನ್ನುತ್ತಾರೆ. ನಮ್ಮ ದೇಶದಲ್ಲಿ ಬಾಟಲಿಗೆ ನೀರು ತುಂಬಿ, ಬಿರಡೆ ಹಾಕಿ, 27 ಡಿಗ್ರಿ ಉಷ್ಣತೆಯಲ್ಲಿ ಮೂರು ದಿನ ಕತ್ತಲಲ್ಲಿಟ್ಟು ಅದನ್ನು ಅಳೆಯುತ್ತಾರೆ. ಕೈಪಿಡಿಯ ಪ್ರಕಾರ ಒಬ್ಬ ಮನುಷ್ಯನ ದಿನದ ಬಿಒಡಿ 27 ಗ್ರಾಂ. ಅಷ್ಟೇ ಎನ್ನಬೇಡಿ. ತಿಳಿಯಾದ ಹೊಳೆಯ ಒಂದು ಲೀಟರ್ ನೀರಿನಲ್ಲಿ ಕರಗಿರುವ ಆಮ್ಲಜನಕ ಎಂಟು ಮಿಲಿಗ್ರಾಂ ಮಾತ್ರ. ಅಂದರೆ ನಮ್ಮಲ್ಲಿ ಒಬ್ಬೊಬ್ಬರೂ ದಿನವೂ 3,375 ಲೀಟರ್ ತಿಳಿನೀರಿನ ಉಸಿರು ಹೀರಬಲ್ಲೆವು. ಎರಡು ಲಕ್ಷ ಜನ ಸೇರಿದರೆ 67 ಕೋಟಿ ಲೀಟರಿನದು. ಅದರಲ್ಲಿ ಮೀನು, ಕಪ್ಪೆ, ಏಡಿ ಯಾವುದೂ ಬದುಕದು. ಬೇಸಿಗೆಯಲ್ಲಿ ಅಷ್ಟು ನೀರು ಹರಿಯುವ ಹಳ್ಳ ನಮ್ಮ ಜಿಲ್ಲೆಯಲ್ಲಿ ಎಲ್ಲಿದೆ?

ಅದೇ ಹೊಲಸಿನಲ್ಲಿ ಹೊಲಕ್ಕೆ ಬೇಕಾದ ಸತ್ವವೂ ಇದೆ. ಒಬ್ಬರಿಂದ ದಿನಕ್ಕೆ 5.4 ಗ್ರಾಂ ಸಾರಜನಕ ನೀರಿಗೆ ಸೇರುತ್ತದೆ. ಎರಡು ಲಕ್ಷ ಜನರದ್ದು 1,080 ಕಿಲೋ. ಯೂರಿಯಾದಲ್ಲಿ ಸಾರಜನಕ ನೂರಕ್ಕೆ 46 ಪಾಲು, ಚೀಲಕ್ಕೆ 45 ಕಿಲೋ. ಹಾಗೆ ಲೆಕ್ಕ ಹಾಕಿದರೆ ಈ ನಾಲ್ಕು ಊರುಗಳು ದಿನಕ್ಕೆ 52 ಚೀಲ, ವರ್ಷಕ್ಕೆ 19 ಸಾವಿರ ಚೀಲ ಯೂರಿಯಾಕ್ಕೆ ಸಮನಾದ ಸತ್ವವನ್ನು ಗಟಾರಕ್ಕೆ ಬಿಡುತ್ತವೆ. ಮುಂಗಾರಿನಲ್ಲಿ ಗೊಬ್ಬರದಂಗಡಿ ಮುಂದೆ ಬೆಳಗಿನ ಜಾವದಿಂದ ಪಾಳಿ ಹಚ್ಚುವ ರೈತನಿಗೆ ಈ ಅಂಕಿ ಹೇಳಿ ನೋಡಿ. ಹಳ್ಳಕ್ಕೆ ಇಳಿದರೆ ಅದೇ ಸತ್ವ ವಿಷವಾಗುತ್ತದೆ. ಪಾಚಿ, ಅಂತರಗಂಗೆ ಉಕ್ಕಿ ನೀರನ್ನು ಮುಚ್ಚುತ್ತವೆ.

ಇನ್ನು ನೀರಿನ ಮಾತು. ವರ್ಷಕ್ಕೆ 788 ಕೋಟಿ ಲೀಟರ್ ಗಂಗಾವತಿ ಸೀಮೆಯ ಭತ್ತಕ್ಕಾದರೆ 1,600 ಎಕರೆಗೆ ಒಂದು ಬೆಳೆ. ಕುಷ್ಟಗಿ, ಯಲಬುರ್ಗಾ ಕಡೆಯ ಜೋಳಕ್ಕಾದರೆ ಇಂಗುವ, ಆರುವ ಲೆಕ್ಕ ಬಿಟ್ಟು 3,900 ಎಕರೆಗೆ ಒಂದು ಬೆಳೆ. ವರ್ಷದ ಮಳೆ ಆರುನೂರು ಮಿಲಿಮೀಟರಿನ ಆಸುಪಾಸಿನಲ್ಲೇ ಏಳುಬೀಳು ಕಾಣುವ ಈ ಸೀಮೆಯಲ್ಲಿ ಬರ ಬಂದ ವರ್ಷವೂ ತಪ್ಪದೆ ಬರುವ ನೀರು ಇದೊಂದೇ. ಮೋಡ ಕೈಕೊಟ್ಟರೂ ಜನ ಮುಖ ತೊಳೆಯುವುದು ನಿಲ್ಲುವುದಿಲ್ಲ.

ಈ ನೀರನ್ನು ತೊಳೆಯುವ ಕೆಲಸಗಾರರು ಎಷ್ಟು ಮಂದಿ ಗೊತ್ತೇ? ಗಾಳಿ ಊದುವ ತೊಟ್ಟಿಯ ಒಂದು ಮಿಲಿಲೀಟರ್ ನೀರಿನಲ್ಲಿ ನೂರು ಕೋಟಿಗೂ ಹೆಚ್ಚು ಬ್ಯಾಕ್ಟೀರಿಯಾಗಳಿರುತ್ತವೆ. ಎರಡು ಚಹಾ ಚಮಚೆ ಎತ್ತಿಕೊಂಡರೆ ಭೂಮಿಯ ಮೇಲಿನ ಮನುಷ್ಯರೆಲ್ಲರಿಗಿಂತ ದೊಡ್ಡ ಜನಸಂಖ್ಯೆ ಕೈಯಲ್ಲಿದ್ದಂತೆ. ಸಂಬಳವಿಲ್ಲ, ರಜೆಯಿಲ್ಲ. ಅವು ಕೇಳುವುದು ಗಾಳಿ ಮಾತ್ರ.

ಈ ಕೆಲಸಗಾರರನ್ನು ಪಳಗಿಸಿದ ಕತೆಗೂ ನಮ್ಮ ನಾಡಿಗೂ ನಂಟಿದೆ. 1914ರ ಏಪ್ರಿಲ್ 3ರಂದು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಆರ್ಡೆರ್ನ್ ಮತ್ತು ಲಾಕೆಟ್ ಎಂಬ ಇಬ್ಬರು ರಸಾಯನ ತಜ್ಞರು ತಮ್ಮ ಪ್ರಯೋಗವನ್ನು ಓದಿ ಹೇಳಿದರು. ಬಾಟಲಿಯಲ್ಲಿ ಕೊಳಚೆ ತುಂಬಿ ಗಾಳಿ ಊದಿದಾಗ ಮೊದಲ ಸಲ ಪೂರ್ತಿ ಶುದ್ಧವಾಗಲು ಐದು ವಾರ ಹಿಡಿದಿತ್ತು. ಅವರು ತಳದ ಕೆಸರನ್ನು ಚೆಲ್ಲಲಿಲ್ಲ. ಅದರ ಮೇಲೇ ಹೊಸ ಕೊಳಚೆ ಸುರಿದು ಮತ್ತೆ ಗಾಳಿ ಕೊಟ್ಟರು. ಪ್ರತಿಸಲ ಅವಧಿ ಇಳಿಯುತ್ತಾ ಹೋಗಿ ಕೊನೆಗೆ ಐದು ವಾರದ ಕೆಲಸ ಒಂದು ದಿನದೊಳಗೆ ಮುಗಿಯಿತು. ಜಗತ್ತಿನ ಬಹುಪಾಲು ದೊಡ್ಡ ಊರುಗಳು ಇಂದಿಗೂ ನೀರು ತೊಳೆಯುವುದು ಈ ದಾರಿಯಲ್ಲೇ. ಇಬ್ಬರನ್ನೂ ಈ ಕೆಲಸಕ್ಕೆ ಹಚ್ಚಿದ ಗಿಲ್ಬರ್ಟ್ ಫೌಲರ್ 1916ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಗೆ, ಪ್ರಾಧ್ಯಾಪಕರಾಗಿ ಬಂದರು. ಈ ವಿದ್ಯೆ ನಮ್ಮ ರಾಜ್ಯದ ಹೊಸ್ತಿಲಿಗೆ ಬಂದು ನೂರು ವರ್ಷದ ಮೇಲಾಯಿತು.

ಅಂಥ ಘಟಕವೊಂದರ ಒಳಗೆ ಹೋದರೆ ಮೊದಲು ಕಾಣುವುದು ಕಬ್ಬಿಣದ ಜಾಲರಿ. ಪ್ಲಾಸ್ಟಿಕ್ ಚೀಲ, ಶಾಂಪೂ ಚೀಟಿ, ಕೂದಲು, ಹರಿದ ಬಟ್ಟೆ ಎಲ್ಲ ಅಲ್ಲಿ ಸಿಕ್ಕಿಕೊಳ್ಳುತ್ತವೆ. ಮುಂದಿನ ತೊಟ್ಟಿಯಲ್ಲಿ ಮರಳು, ಹರಳು ತಳ ಹಿಡಿಯುತ್ತವೆ. ಆಮೇಲೆ ಗಾಳಿ ಊದುವ ತೊಟ್ಟಿ. ಅದರ ಕಂದು ಬಣ್ಣದ ನೀರನ್ನು ಒಂದು ಲೀಟರಿನ ಗಾಜಿನ ಜಾಡಿಗೆ ತುಂಬಿ ಮೇಜಿನ ಮೇಲೆ ಇಡುತ್ತಾರೆ. ಐದು ನಿಮಿಷದಲ್ಲಿ ಕಂದು ಹಿಂಜು ಒಂದಕ್ಕೊಂದು ಅಂಟಿಕೊಂಡು ಕೆಳಕ್ಕೆ ಜಾರತೊಡಗುತ್ತದೆ, ಮೇಲ್ತುದಿಯಲ್ಲಿ ತೆಳುವಾದ ತಿಳಿ ಗೆರೆ ಮೂಡುತ್ತದೆ. ಮೂವತ್ತು ನಿಮಿಷಕ್ಕೆ ಕೆಸರು ಜಾಡಿಯ ಕಾಲು ಭಾಗಕ್ಕೆ ಕುಗ್ಗಿ ಮೇಲಿನ ಮುಕ್ಕಾಲು ಭಾಗ ಆಚೆಬದಿಯ ಕೈ ಕಾಣುವಷ್ಟು ತಿಳಿಯಾಗಿದ್ದರೆ ಘಟಕದ ಆರೋಗ್ಯ ನೆಟ್ಟಗಿದೆ ಎಂದು ಅರ್ಥ. ಆ ಜಾಡಿಯನ್ನು ಒಮ್ಮೆ ಕಂಡವರು ಹೊಲಸು ನೀರು ಯಾವತ್ತಿಗೂ ಹೊಲಸೇ ಎಂಬ ಮಾತನ್ನು ಮತ್ತೆ ಆಡಲಾರರು.

ಗಾಳಿ ಊದಲು ಕರೆಂಟು ಬೇಕು, ಕರೆಂಟಿಗೆ ದುಡ್ಡು ಬೇಕು. ಸಣ್ಣ ಊರಿನ ಪುರಸಭೆ, ಪಟ್ಟಣ ಪಂಚಾಯಿತಿ ಮುಗ್ಗರಿಸುವುದು ಇಲ್ಲೇ. ಅವಕ್ಕೆ ಇನ್ನೊಂದು ದಾರಿಯಿದೆ. ಒಂದರಿಂದ ಒಂದೂವರೆ ಮೀಟರ್ ಆಳದ ಅಗಲವಾದ ಹೊಂಡಗಳು. ಕೊಳಚೆ ನೀರು ಅದರಲ್ಲಿ ದಿನಗಟ್ಟಲೆ ನಿಲ್ಲುತ್ತದೆ, ಬಿಸಿಲಿಗೆ ಹಸಿರು ಪಾಚಿ ಬೆಳೆಯುತ್ತದೆ, ಪಾಚಿ ಬಿಡುವ ಆಮ್ಲಜನಕವನ್ನು ಬ್ಯಾಕ್ಟೀರಿಯಾ ಉಸಿರಾಡುತ್ತದೆ. ಪಂಪೂ ಇಲ್ಲ, ಊದುಯಂತ್ರವೂ ಇಲ್ಲ. ಹೊಂಡ ಎಷ್ಟು ದೊಡ್ಡದಿರಬೇಕು ಎಂಬುದನ್ನು ತೀರ್ಮಾನಿಸುವುದು ಸೂರ್ಯ. ಕೈಪಿಡಿಯಲ್ಲಿ ಅಕ್ಷಾಂಶಕ್ಕೊಂದು ಅಂಕಿ ಇದೆ. ಉತ್ತರಕ್ಕೆ ಹೋದಂತೆ ಬಿಸಿಲು ಇಳಿಯುತ್ತದೆ, ಹೊಂಡ ಹಿಗ್ಗಬೇಕಾಗುತ್ತದೆ. ನಮ್ಮ ಜಿಲ್ಲೆ ಹದಿನೈದು, ಹದಿನಾರು ಡಿಗ್ರಿಯ ನಡುವೆ ಕೂತಿದೆ. ಹದಿನಾರು ಡಿಗ್ರಿಗೆ ಹೇಳಿರುವುದು ಹೆಕ್ಟೇರಿಗೆ ದಿನಕ್ಕೆ 275 ಕಿಲೋ ಬಿಒಡಿ. ಒಬ್ಬರದ್ದು 27 ಗ್ರಾಂ. ಭಾಗಿಸಿ ನೋಡಿ, ತಲೆಗೆ ಒಂದು ಚದರ ಮೀಟರೂ ಪೂರ್ತಿ ಬೇಕಾಗಿಲ್ಲ!

ಒಬ್ಬ ಮನುಷ್ಯ ಒಂದು ದಿನದಲ್ಲಿ ಮಾಡುವ ಹೊಲಸಿನ ದೊಡ್ಡ ಪಾಲನ್ನು ಒಂದು ಚದರ ಮೀಟರ್ ನೀರಿನ ಮೇಲೆ ಬಿದ್ದ ಕೊಪ್ಪಳದ ಬಿಸಿಲು ತೊಳೆದುಹಾಕುತ್ತದೆ. ಬೇಸಿಗೆಯಲ್ಲಿ ನಾವು ಬೈಯುವ ಅದೇ ಬಿಸಿಲು. ಕುಷ್ಟಗಿಯಷ್ಟು ಊರಿಗೆ ಆರು ಎಕರೆ, ನಾಲ್ಕೂ ಊರಿಗೆ ಸೇರಿ 49 ಎಕರೆ ನೀರು. ಅದರ ಮುಂದೆ ರೋಗಾಣು ಕೊಲ್ಲುವ ಹೊಂಡಗಳು, ಏರಿ, ದಾರಿ ಎಂದು ದುಪ್ಪಟ್ಟು ಹಿಡಿದರೂ ನೂರು ಎಕರೆ.

ರೋಗಾಣುಗಳ ಲೆಕ್ಕ ಮಾತ್ರ ಕಠಿಣ. ಹಸಿ ಕೊಳಚೆಯ ನೂರು ಮಿಲಿಲೀಟರಿನಲ್ಲಿ ಮಲದಿಂದ ಬಂದ ಬ್ಯಾಕ್ಟೀರಿಯಾ ಹತ್ತು ಲಕ್ಷದಿಂದ ಕೋಟಿಯವರೆಗೆ ಇರುತ್ತದೆ. ಕೇಂದ್ರ ಪರಿಸರ ಸಚಿವಾಲಯ 2017ರಲ್ಲಿ ಹಾಕಿದ ಮಿತಿ ಸಾವಿರಕ್ಕಿಂತ ಕಡಿಮೆ. ನೂರಕ್ಕೆ 99 ಕೊಂದೆವು ಎಂದು ಬೀಗುವಂತಿಲ್ಲ, ಕೋಟಿಯಲ್ಲಿ ಇನ್ನೂ ಒಂದು ಲಕ್ಷ ಉಳಿದಿರುತ್ತದೆ. ಹತ್ತು ಸಾವಿರಕ್ಕೆ 9,999 ಸತ್ತರೆ ಮಾತ್ರ ಮಿತಿಯ ಹತ್ತಿರ ಬರುತ್ತೇವೆ. ಅರ್ಧ ತೊಳೆದ ನೀರಿನಲ್ಲಿ ಮೆಂತ್ಯ, ಕೊತ್ತಂಬರಿ, ಮೂಲಂಗಿ ಬೆಳೆಯಬಾರದು ಎನ್ನುವುದು ಇದಕ್ಕೇ. ಆ ಸೊಪ್ಪು ಹಸಿಯಾಗಿಯೇ ನಮ್ಮ ತಟ್ಟೆಗೆ ಬರುತ್ತದೆ.

ಕೊಳಚೆ ತೊಳೆದು ಮತ್ತೆ ಬಳಸುವುದನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿದ್ದಾರೆ. ಬೆಂಗಳೂರಿನ ಕೊಳಚೆಯನ್ನು ಶುದ್ಧೀಕರಿಸಿ 440 ಎಂಎಲ್‌ಡಿ ನೀರನ್ನು ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆ 2018ರ ಜೂನಿನಲ್ಲಿ ಶುರುವಾಯಿತು. ಅದರ ಶುದ್ಧತೆಯ ಬಗ್ಗೆ ತಕರಾರು ಎದ್ದಿತು, ಕೋರ್ಟಿನ ಮೆಟ್ಟಿಲೂ ಹತ್ತಿತು. ಆ ಎಚ್ಚರ ಬೇಕಾದದ್ದೇ. ಸಣ್ಣ ಪ್ರಮಾಣದಲ್ಲೂ ಮಾದರಿಯಿದೆ. ಒಳಚರಂಡಿ ಇಲ್ಲದ ಕಡೆ ಮನೆಮನೆಯ ಸೆಪ್ಟಿಕ್ ಟ್ಯಾಂಕಿನ ಗಟ್ಟಿ ಕೆಸರನ್ನು ಲಾರಿಯಲ್ಲಿ ಹೀರಿ ಹಳ್ಳಕ್ಕೋ ಹೊಲದಂಚಿಗೋ ಸುರಿಯುವುದು ರೂಢಿ. ಕುಷ್ಟಗಿಯಷ್ಟೇ ಗಾತ್ರದ ದೇವನಹಳ್ಳಿಯಲ್ಲಿ 2015ರಲ್ಲಿ ಅಂಥ ಕೆಸರಿಗೆಂದೇ ದಿನಕ್ಕೆ ಆರು ಸಾವಿರ ಲೀಟರಿನ ಘಟಕ ಕಟ್ಟಿದರು. ಇಳಿಜಾರಿನಲ್ಲಿ ತಾನಾಗಿ ಹರಿದು, ಕೊಳೆತು, ಒಣಗಿದ ಕೆಸರು ಗೊಬ್ಬರವಾಗುತ್ತದೆ.

ಹಾಗಾದರೆ ತೊಡಕು ಎಲ್ಲಿ? ಉತ್ತರ ಅದೇ 2021ರ ವರದಿಯಲ್ಲಿದೆ. ಕರ್ನಾಟಕದಲ್ಲಿ ಕಟ್ಟಿದ ಘಟಕಗಳ ಒಟ್ಟು ಸಾಮರ್ಥ್ಯ 2,712 ಎಂಎಲ್‌ಡಿ, ಬಳಕೆಯಾಗುತ್ತಿದ್ದದ್ದು 1,786. ಅಂದರೆ ಕಟ್ಟಿದ್ದರಲ್ಲೇ 926 ಎಂಎಲ್‌ಡಿ ಖಾಲಿ ಕೂತಿತ್ತು. ನಮ್ಮ ನಾಲ್ಕು ಊರಿನಂಥ ನಲವತ್ತೆರಡು ಗುಂಪು ಬಂದರೂ ಅಷ್ಟರಲ್ಲೇ ತೊಳೆಯಬಹುದಿತ್ತು. ದುಡ್ಡು ಬಂದೇ ಇಲ್ಲ ಎನ್ನುವಂತೆಯೂ ಇಲ್ಲ. ಉತ್ತರ ಕರ್ನಾಟಕದ 25 ಊರುಗಳ ನೀರು, ಒಳಚರಂಡಿಗೆಂದು ಏಷ್ಯಾ ಅಭಿವೃದ್ಧಿ ಬ್ಯಾಂಕು 2006ರಲ್ಲೇ 27 ಕೋಟಿ ಡಾಲರ್ ಸಾಲಕ್ಕೆ ಒಪ್ಪಿತ್ತು. ರಸ್ತೆ ಅಗೆದು ಪೈಪು ಹೂಳುವುದು ಕೆಲಸದ ಅರ್ಧ ಮಾತ್ರ. ಬಚ್ಚಲಿನಿಂದ ಬೀದಿಯ ಪೈಪಿಗೆ ಜೋಡಣೆಯಾಗಬೇಕು, ಪಂಪು ಕೆಟ್ಟ ದಿನವೇ ರಿಪೇರಿಯಾಗಬೇಕು, ನಡೆಸಲು ತರಬೇತಾದ ಆಳು ಬೇಕು. ಪೈಪಿನಲ್ಲಿ ನೀರು ಸೆಕೆಂಡಿಗೆ 60 ಸೆಂಟಿಮೀಟರಾದರೂ ಓಡದಿದ್ದರೆ ಹೊಲಸು ತಳ ಹಿಡಿದು ಕಟ್ಟಿಕೊಳ್ಳುತ್ತದೆ. ಅರ್ಧ ಮನೆಗಳೇ ಸೇರದಿದ್ದರೆ ಆ ಓಟ ಬರುವುದಾದರೂ ಎಲ್ಲಿಂದ?

ಕಟ್ಟಿಕೊಂಡಾಗ ಮನುಷ್ಯನನ್ನು ಇಳಿಸುತ್ತಾರೆ. ಯಂತ್ರ, ರಕ್ಷಣೆ ಇಲ್ಲದೆ ಮ್ಯಾನ್‌ಹೋಲಿಗೆ, ಸೆಪ್ಟಿಕ್ ಟ್ಯಾಂಕಿಗೆ ಯಾರನ್ನೇ ಇಳಿಸುವುದು 2013ರ ಕಾಯ್ದೆಯಂತೆ ಅಪರಾಧ. ಹಾಗೆ ಸತ್ತವರ ಕುಟುಂಬಕ್ಕೆ 10 ಲಕ್ಷ ಕೊಡಬೇಕೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು, 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಒಂಬತ್ತು ವರ್ಷದಲ್ಲಿ ಪರಿಹಾರದ ಮೊತ್ತ ಏರಿಸಬೇಕಾಗಿ ಬಂತು, ಸಾವು ನಿಲ್ಲಲಿಲ್ಲ. ಈ ಲೇಖನದ ಎಲ್ಲ ಅಂಕಿಗಳಲ್ಲಿ ನಾಚಿಕೆಯಿಂದ ತಲೆ ತಗ್ಗಿಸಬೇಕಾದದ್ದು ಇದು.

ನಮ್ಮ ಜನರಿಗೆ ಕಾಳಜಿ ಇಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. 2019ರಲ್ಲಿ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ ಹಿರೇಹಳ್ಳ ಹಸನು ಮಾಡಲು ಇಳಿದಾಗ ಕೊಪ್ಪಳದ ಜನ ಹಣ ಕೊಟ್ಟರು, ಯಂತ್ರ ಕೊಟ್ಟರು, ಮೈ ಮುರಿದು ದುಡಿದರು. ಇಪ್ಪತ್ತಕ್ಕೂ ಹೆಚ್ಚು ಕಿಲೋಮೀಟರ್ ಹಳ್ಳದ ಹೂಳು, ಜಾಲಿ ಎದ್ದು ಹೋಯಿತು. ಹಳ್ಳವನ್ನು ಒಮ್ಮೆ ಹಸನು ಮಾಡುವುದು ಜಾತ್ರೆಯ ಉತ್ಸಾಹದಿಂದ ಆಗುತ್ತದೆ. ಹಸನಾಗಿ ಉಳಿಸುವುದು ದಿನವೂ ಯಾರೋ ಒಬ್ಬರು ಜಾಡಿ ತುಂಬಿಟ್ಟು, ಅಂಕಿ ಬರೆದಿಟ್ಟು ನೋಡುವುದರಿಂದ ಆಗುತ್ತದೆ. ಆ ದಿನಚರಿಯ ಬೆನ್ನಿಗೆ ಊರು ನಿಲ್ಲಬೇಕು.

ಅದಕ್ಕೆ ಓದುಗರಲ್ಲಿ ಎರಡು ಕೋರಿಕೆ. ನಿಮ್ಮ ಬೀದಿಯಲ್ಲಿ ಒಳಚರಂಡಿ ಪೈಪು ಹಾದುಹೋಗಿದ್ದೂ ಮನೆಯ ಜೋಡಣೆ ಆಗಿರದಿದ್ದರೆ ಈ ತಿಂಗಳೇ ಮಾಡಿಸಿ. ನಿಮ್ಮ ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿಗೆ ಹೋಗಿ ಮೂರು ಅಂಕಿ ಕೇಳಿ: ನಿನ್ನೆ ಘಟಕಕ್ಕೆ ಬಂದ ಕೊಳಚೆ ಎಷ್ಟು ಲೀಟರ್, ತೊಳೆದು ಹೊರಬಿಟ್ಟದ್ದು ಎಷ್ಟು ಲೀಟರ್, ಹೊರಬಿಟ್ಟ ನೀರಿನ ಬಿಒಡಿ ಎಷ್ಟು. ಬಾಯಿಮಾತಿಗೆ ಉತ್ತರ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ, ಅರ್ಜಿ ಶುಲ್ಕ ಹತ್ತು ರೂಪಾಯಿ.